ಕಪ್ಪಾದರೆ ಸಾಕಾ? ಇನ್‌ಫ್ರಾರೆಡ್ ಡಿಟೆಕ್ಟರ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಬೆಳಕನ್ನು ಕರೆಂಟಾಗಿ ಬದಲಿಸುವ ಫೋಟೊಡಯೋಡ್ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇನ್‌ಫ್ರಾರೆಡ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ. ಬೆಳಕನ್ನು ಅಲೆಯ ಉದ್ದದಿಂದ ಗುರುತಿಸುತ್ತಾರೆ; ಕಣ್ಣಿಗೆ ಕಾಣುವ ಕೆಂಪು ಸುಮಾರು 700 ನ್ಯಾನೊಮೀಟರ್‌ಗೆ ಮುಗಿಯುತ್ತದೆ. ಅದರಾಚೆಗಿನದು ಇನ್‌ಫ್ರಾರೆಡ್. 1000 ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರಾನ್. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಓದಬಹುದು.

ಪ್ರ: ಹುಬ್ಬಳ್ಳಿಯಲ್ಲಿ ಸಿಸಿಟಿವಿ ಹಾಕುವ ಕೆಲಸ ಮಾಡ್ತೀನಿ ಸರ್. ರಾತ್ರಿ ಹೊತ್ತು 850 ನ್ಯಾನೊಮೀಟರ್ ಎಲ್‌ಇಡಿ ಇರುವ ಕ್ಯಾಮೆರಾದಲ್ಲಿ ಚಿತ್ರ ಚೆನ್ನಾಗಿ ಬರುತ್ತೆ, 940 ಇದ್ದರೆ ಮಂಕು. ಗಿರಾಕಿಗಳಿಗೆ ಮಾತ್ರ 940 ಬೇಕು, ಯಾಕಂದ್ರೆ ಅದರಲ್ಲಿ ಕೆಂಪು ಚುಕ್ಕೆ ಕಾಣಲ್ಲ. ಇದು ಎಲ್‌ಇಡಿ ದೋಷವಾ, ಸೆನ್ಸರ್ ದೋಷವಾ?

ಉ: ಎಲ್‌ಇಡಿಯದ್ದೇನೂ ತಪ್ಪಿಲ್ಲ. ಸೆನ್ಸರ್ ಮಾಡಿರುವ ಸಿಲಿಕಾನ್ ಸ್ವಭಾವವೇ ಹಾಗೆ. ಬೆಳಕಿನ ಅಲೆ ಉದ್ದವಾದಷ್ಟೂ ಸಿಲಿಕಾನ್ ಅದನ್ನು ಹೀರುವುದು ನಿಧಾನ. 850 ನ್ಯಾನೊಮೀಟರ್ ಬೆಳಕಿನ ಮೂರನೇ ಎರಡು ಭಾಗವನ್ನು ಹೀರಲು ಸುಮಾರು 19 ಮೈಕ್ರಾನ್ ದಪ್ಪದ ಸಿಲಿಕಾನ್ ಬೇಕು. 940ಕ್ಕೆ ಸುಮಾರು 54 ಮೈಕ್ರಾನ್. ಆದರೆ ಕ್ಯಾಮೆರಾ ಸೆನ್ಸರ್‌ನಲ್ಲಿ ಬೆಳಕು ಹಿಡಿಯುವ ಪದರ ಎಷ್ಟಿರುತ್ತದೆ ಗೊತ್ತಾ? ಎಷ್ಟೋ ಸೆನ್ಸರ್‌ಗಳಲ್ಲಿ ಬರೀ 3 ಮೈಕ್ರಾನ್ ಆಸುಪಾಸು. ಲೆಕ್ಕ ಹಾಕಿ ನೋಡಿ, ಒಳಗೆ ಹೋದ 850ರ ಬೆಳಕಿನಲ್ಲಿ ಶೇಕಡಾ 15ರಷ್ಟು ಸಿಗುತ್ತದೆ, 940ರಲ್ಲಿ ಶೇಕಡಾ 5ರ ಚೂರು ಮೇಲೆ. ಉಳಿದದ್ದು ಹಾಗೇ ಆರ್‌ಪಾರ್ ಹೊರಟುಹೋಗುತ್ತದೆ. ನಿಮ್ಮ 940 ಚಿತ್ರ ಮಂಕಾಗುವುದು ಇದಕ್ಕೇ.

ಹಾಗಾದ್ರೆ ಪದರವನ್ನೇ ದಪ್ಪ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು, ಆದರೆ ದಪ್ಪವಾದಷ್ಟೂ ಒಂದು ಪಿಕ್ಸೆಲ್‌ನ ಎಲೆಕ್ಟ್ರಾನ್ ಪಕ್ಕದ ಪಿಕ್ಸೆಲ್‌ಗೆ ನುಗ್ಗಿ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಈಗ ಬೇರೆ ದಾರಿ ಹಿಡಿದಿದ್ದಾರೆ. ಸಿಲಿಕಾನ್ ಮೇಲ್ಮೈಯಲ್ಲಿ ತಲೆಕೆಳಗಾದ ಪುಟ್ಟ ಪಿರಮಿಡ್ ಆಕಾರದ ಗುಳಿಗಳನ್ನು ಸಾಲಾಗಿ ಕೊರೆಯುತ್ತಾರೆ. ನೇರ ಬಂದ ಬೆಳಕು ಅಲ್ಲಿ ಓರೆಯಾಗಿ ತಿರುಗಿ, ಪಿಕ್ಸೆಲ್ ಗೋಡೆಗಳಿಗೆ ಬಡಿದು, ಒಳಗೇ ಅತ್ತಿತ್ತ ಓಡಾಡುತ್ತದೆ. ಪದರ ತೆಳ್ಳಗಿದ್ದರೂ ಬೆಳಕು ಸಾಗುವ ದಾರಿ ಉದ್ದವಾಯ್ತು. ಸೋನಿಯವರು 2017ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಗುಳಿಯಿಂದ ಗುಳಿಗೆ 400 ನ್ಯಾನೊಮೀಟರ್ ಅಂತರ, 850 ನ್ಯಾನೊಮೀಟರ್‌ನಲ್ಲಿ ಶೇಕಡಾ 80ರಷ್ಟು ಜಾಸ್ತಿ ಸಿಗ್ನಲ್. ಈ ತರಹದ ಸೆನ್ಸರ್ ಇರುವ ಕ್ಯಾಮೆರಾ ಆರಿಸಿದರೆ ನಿಮ್ಮ 940 ಗಿರಾಕಿಗಳೂ ಸುಮ್ಮನಾಗುತ್ತಾರೆ. ಡಬ್ಬದ ಮೇಲೆ ಮೆಗಾಪಿಕ್ಸೆಲ್ ನೋಡಿ ಕೊಳ್ಳಬೇಡಿ. ಸೆನ್ಸರ್‌ನ ಮಾಹಿತಿ ಪತ್ರ ತರಿಸಿ, 940ರಲ್ಲಿ ಕ್ವಾಂಟಂ ಎಫಿಶಿಯನ್ಸಿ, ಅಂದರೆ ಬಿದ್ದ 100 ಫೋಟಾನ್‌ಗೆ (ಬೆಳಕಿನ ಕಣಕ್ಕೆ) ಸಿಗುವ ಎಲೆಕ್ಟ್ರಾನ್ ಎಷ್ಟು ಅಂತ ನೋಡಿ.

ಪ್ರ: ಮೈಸೂರಿನಲ್ಲಿ ಇಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಜರ್ಮೇನಿಯಂ ಡಿಟೆಕ್ಟರ್ ಒಂದನ್ನು ಮಾಡಿ ಶೇಕಡಾ 35ರಷ್ಟು ಸುಧಾರಣೆ ತಂದಿದ್ದಾರೆ ಅಂತ 2025ರ ಸುದ್ದಿಯೊಂದರಲ್ಲಿ ಓದಿದೆ. ಮೇಲ್ಮೈಯನ್ನು ನ್ಯಾನೊ ಮುಳ್ಳುಗಳಿಂದ ಕಪ್ಪು ಮಾಡಿದ್ದಾರಂತೆ. ಬರೀ ಕಪ್ಪು ಮಾಡಿದ್ದಕ್ಕೆ ಇಷ್ಟೊಂದು ಲಾಭವಾ?

ಉ: ಒಳ್ಳೇ ಪ್ರಶ್ನೆ. ಬರೀ ಕಪ್ಪು ಮಾಡಿದ್ದಕ್ಕೆ ಅಲ್ಲ. ಸುದ್ದಿ ಬರೆಯುವವರು ಯಾವಾಗಲೂ ಮುಳ್ಳಿನ ಫೋಟೊ ಹಾಕುತ್ತಾರೆ, ಯಾಕಂದ್ರೆ ನೋಡಲು ಚೆಂದ. ನಿಜವಾದ ಕೆಲಸ ಆಗಿರುವುದು ಆ ಮುಳ್ಳಿನ ಮೇಲೆ ಹಾಕಿದ, ಫೋಟೊದಲ್ಲಿ ಸರಿಯಾಗಿ ಕಾಣದ ಪದರದಲ್ಲಿ.

ಮೊದಲು ಜರ್ಮೇನಿಯಂ ಯಾಕೆ ಅಂತ ನೋಡೋಣ. ಸಿಲಿಕಾನ್ ಸುಮಾರು 1.1 ಮೈಕ್ರಾನ್ ದಾಟಿದರೆ ಕುರುಡು. ಆಪ್ಟಿಕಲ್ ಫೈಬರ್ ಓಡುವುದು 1.31 ಮತ್ತು 1.55 ಮೈಕ್ರಾನ್‌ನಲ್ಲಿ. ಲೇಸರ್ ಬೆಳಕಿನಿಂದ ದೂರ ಅಳೆಯುವ ಕಾರಿನ ಲೈಡಾರ್‌ಗಳಲ್ಲಿ ಕೆಲವು 1.55ರಲ್ಲೇ ಕೆಲಸ ಮಾಡುತ್ತವೆ, ಅಲ್ಲಿ ಕಣ್ಣಿಗೆ ಅಪಾಯ ಕಮ್ಮಿ ಅಂತ. ಈ ಜಾಗದಲ್ಲಿ ಇವತ್ತು ರಾಜ ಅಂದರೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ದುಬಾರಿ ಇಂಡಿಯಂ ಫಾಸ್ಫೈಡ್ ಬಿಲ್ಲೆಯ ಮೇಲೆ ಬೆಳೆಸಬೇಕು, ಸಿಲಿಕಾನ್ ಚಿಪ್ ಕಾರ್ಖಾನೆಯ ಸಾಲಿನಲ್ಲಿ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಆ ಜಾತಿಯ ಕ್ಯಾಮೆರಾ ಒಂದಕ್ಕೆ ಲಕ್ಷಗಟ್ಟಲೆ ರೂಪಾಯಿ. ಜರ್ಮೇನಿಯಂ ಹಾಗಲ್ಲ. ಅದು ಸಿಲಿಕಾನ್ ಮನೆತನದ್ದೇ. ಚಿಪ್ ಕಾರ್ಖಾನೆಗಳಿಗೆ ಅದರ ಪರಿಚಯ ಇದೆ.

ಈಗ ಅದರ ತಕರಾರು. ಜರ್ಮೇನಿಯಂನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ) 4ಕ್ಕಿಂತ ಜಾಸ್ತಿ. ನಯವಾದ ಬರಿ ಮೇಲ್ಮೈ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 38ರ ಹತ್ತಿರ ಕನ್ನಡಿಗೆ ಬಡಿದಂತೆ ವಾಪಸ್. ಡಿಟೆಕ್ಟರ್ ಕೆಲಸ ಶುರು ಮಾಡುವ ಮೊದಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಷ್ಟ! ನ್ಯಾನೊ ಮುಳ್ಳುಗಳು ಈ ನಷ್ಟವನ್ನು ಹೆಚ್ಚುಕಮ್ಮಿ ಅಳಿಸಿಹಾಕುತ್ತವೆ. ಮುಳ್ಳಿನ ತುದಿಯಲ್ಲಿ ಬಹುಪಾಲು ಗಾಳಿ, ಬುಡದಲ್ಲಿ ಬಹುಪಾಲು ಜರ್ಮೇನಿಯಂ. ಬೆಳಕಿಗೆ ಗಾಳಿ ಎಲ್ಲಿ ಮುಗಿಯಿತು, ಲೋಹದಂಥ ಈ ವಸ್ತು ಎಲ್ಲಿ ಶುರುವಾಯಿತು ಅಂತ ಗೆರೆಯೇ ಸಿಗುವುದಿಲ್ಲ. ಗೆರೆ ಇಲ್ಲದ ಕಡೆ ಪ್ರತಿಫಲನವೂ ಇಲ್ಲ.

ಇಲ್ಲಿಗೆ ಮುಗೀತಾ? ಇಲ್ಲ, ತೊಂದರೆ ಇಲ್ಲಿಂದಲೇ ಶುರು. ಹರಳಿನ ಒಳಗೆ ಪ್ರತಿ ಪರಮಾಣುವಿಗೂ ನಾಲ್ಕು ಕಡೆ ನೆಂಟರಿದ್ದಾರೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದೆರಡು ಕೈ ಖಾಲಿ. ಬೆಳಕು ಬಿದ್ದು ಹುಟ್ಟಿದ ಎಲೆಕ್ಟ್ರಾನ್ ಈ ಖಾಲಿ ಕೈಗೆ ಸಿಕ್ಕಿಕೊಂಡು ಅಲ್ಲೇ ರಂಧ್ರದ (ಎಲೆಕ್ಟ್ರಾನ್ ಎದ್ದುಹೋದ ಖಾಲಿ ಜಾಗದ) ಜೊತೆ ಸೇರಿ ಸತ್ತುಹೋಗುತ್ತದೆ, ತಂತಿಗೆ ಬರುವುದೇ ಇಲ್ಲ. ಮುಳ್ಳು ಮಾಡಿದಾಗ ಮೇಲ್ಮೈ ಹಲವು ಪಟ್ಟು ಹೆಚ್ಚಾಯಿತು, ಅಂದರೆ ಖಾಲಿ ಕೈಗಳೂ ಹಲವು ಪಟ್ಟು ಹೆಚ್ಚಾದವು. ಮುಳ್ಳು ಕೊರೆಯುವಾಗ ಪ್ಲಾಸ್ಮಾ (ವಿದ್ಯುತ್ತಿನಿಂದ ಕೆರಳಿಸಿದ ಅನಿಲ) ಬಡಿದು ಹರಳು ಇನ್ನಷ್ಟು ಗಾಯವಾಗಿರುತ್ತದೆ. ಬಿಂದಿಗೆ ತೂತಾಗಿರುವಾಗ ನಲ್ಲಿ ದೊಡ್ಡದು ಮಾಡಿ ಏನು ಪ್ರಯೋಜನ? ಇದೇ ಥರ ಮುಳ್ಳು ಎಬ್ಬಿಸಿದ ಕಪ್ಪು ಸಿಲಿಕಾನ್ ಗೊತ್ತಿದ್ದೂ ಎಷ್ಟೋ ವರ್ಷ ಒಳ್ಳೆಯ ಡಿಟೆಕ್ಟರ್ ಆಗದೆ ಉಳಿದದ್ದು ಇದೇ ಕಾರಣಕ್ಕೆ. ನೋಡಲು ಕಾಡಿಗೆಯಷ್ಟು ಕಪ್ಪು, ಕರೆಂಟ್ ಮಾತ್ರ ಕಮ್ಮಿ.

ಆಲ್ಟೊದ ಹೆಲೆ ಸವಿನ್ ಅವರ ತಂಡ ವರ್ಷಗಟ್ಟಲೆ ಹಿಡಿದು ಕೂತಿದ್ದು ಈ ತೂತು ಮುಚ್ಚುವ ಕೆಲಸಕ್ಕೆ. ಮುಳ್ಳುಗಳ ಮೇಲೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರ ಹಾಕುತ್ತಾರೆ, ದಪ್ಪ ಕೆಲವೇ ಹತ್ತು ನ್ಯಾನೊಮೀಟರ್. ಹಾಕುವ ವಿಧಾನಕ್ಕೆ ಅಟಾಮಿಕ್ ಲೇಯರ್ ಡಿಪಾಸಿಷನ್ ಅಂತ ಹೆಸರು, ಎಎಲ್‌ಡಿ ಅಂತಲೇ ಎಲ್ಲರೂ ಕರೆಯುತ್ತಾರೆ. ಒಂದು ಅನಿಲ ಬಿಡುತ್ತಾರೆ, ಅದು ಮೇಲ್ಮೈಗೆ ಒಂದೇ ಪದರವಾಗಿ ಅಂಟುತ್ತದೆ, ಉಳಿದದ್ದನ್ನು ತೊಳೆದು ಹಾಕುತ್ತಾರೆ. ಆಮೇಲೆ ನೀರಿನ ಆವಿ ಬಿಡುತ್ತಾರೆ. ಮತ್ತೆ ಮೊದಲಿಂದ. ಒಂದು ಸುತ್ತಿಗೆ ಹೆಚ್ಚುಕಮ್ಮಿ 0.1 ನ್ಯಾನೊಮೀಟರ್ ಬೆಳೆಯುತ್ತದೆ. ನಿಧಾನವೇ, ಆದರೆ ಎಷ್ಟೇ ಆಳದ ಸಂದಿ ಇರಲಿ, ಮುಳ್ಳಿನ ಬುಡಕ್ಕೂ ತುದಿಗೂ ಒಂದೇ ದಪ್ಪ. ಬೇರೆ ಯಾವ ಲೇಪನಕ್ಕೂ ಇಷ್ಟು ಚೆನ್ನಾಗಿ ಇದು ಒದಗುವುದಿಲ್ಲ. ಇದನ್ನು 1974ರಲ್ಲಿ ಮಾಡಿ ತೋರಿಸಿದವರೂ ಫಿನ್‌ಲೆಂಡಿನವರೇ, ತುಓಮೊ ಸುಂತೊಲ. ಆಗ ಅವರಿಗೆ ಬೇಕಿದ್ದದ್ದು ಹೊಳೆಯುವ ಡಿಸ್‌ಪ್ಲೇ. 2018ರಲ್ಲಿ ಅವರಿಗೆ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು.

ಅಲ್ಯೂಮಿನಾ ಎರಡು ಕೆಲಸ ಮಾಡುತ್ತದೆ. ಖಾಲಿ ಕೈಗಳನ್ನು ತುಂಬುತ್ತದೆ. ಜೊತೆಗೆ ಅದರೊಳಗೆ ಋಣ ವಿದ್ಯುದಂಶ ಕಾಯಂ ಆಗಿ ಕೂತಿರುತ್ತದೆ, ಅದು ಎಲೆಕ್ಟ್ರಾನ್‌ಗಳನ್ನು ಮೇಲ್ಮೈ ಹತ್ತಿರ ಸುಳಿಯಲು ಬಿಡದೆ ಒಳಗೆ ತಳ್ಳುತ್ತದೆ. 2016ರಲ್ಲಿ ಇದೇ ತಂಡ ಕಪ್ಪು ಸಿಲಿಕಾನ್ ಫೋಟೊಡಯೋಡ್ ಮಾಡಿದಾಗ ಎಲೆಕ್ಟ್ರಾನ್ ಮತ್ತು ರಂಧ್ರಗಳನ್ನು ಬೇರ್ಪಡಿಸುವ ಜಂಕ್ಷನ್ನನ್ನು ಈ ವಿದ್ಯುದಂಶದಿಂದಲೇ ಹುಟ್ಟಿಸಿದ್ದರು, ಮೇಲ್ಮೈಗೆ ಬೇರೆ ಡೋಪಿಂಗ್ (ಬೇರೆ ಧಾತುವಿನ ಬೆರಕೆ) ಹಾಕಿರಲಿಲ್ಲ. 250ರಿಂದ 950 ನ್ಯಾನೊಮೀಟರ್ ತನಕ ಬಿದ್ದ 100 ಫೋಟಾನ್‌ಗೆ 96ಕ್ಕೂ ಹೆಚ್ಚು ಎಲೆಕ್ಟ್ರಾನ್ ಹೊರಗೆ ಬಂದವು.

ಜರ್ಮೇನಿಯಂಗೆ ಅದೇ ಪಾಠ ಒಪ್ಪಿಸುವುದು ಇನ್ನೂ ಕಷ್ಟ. 1947ರ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂನದ್ದು, 1958ರಲ್ಲಿ ಜಾಕ್ ಕಿಲ್ಬಿ ಮಾಡಿದ ಚಿಪ್ಪೂ ಜರ್ಮೇನಿಯಂನದ್ದೇ. ಆಮೇಲೆ ಸಿಲಿಕಾನ್ ಬಂದು ಅದನ್ನು ಮೂಲೆಗೆ ತಳ್ಳಿದ್ದಕ್ಕೆ ಒಂದು ದೊಡ್ಡ ಕಾರಣ ಮೇಲ್ಮೈ. ಸಿಲಿಕಾನ್ ಬಿಸಿ ಮಾಡಿದರೆ ತನ್ನ ಮೇಲೆ ತಾನೇ ಗಾಜಿನಂಥ ಗಟ್ಟಿ ಆಕ್ಸೈಡ್ ಹೊದ್ದುಕೊಳ್ಳುತ್ತದೆ. ಜರ್ಮೇನಿಯಂ ಆಕ್ಸೈಡ್ ನೀರಲ್ಲಿ ಕರಗುತ್ತದೆ. ಅಂಥ ಮೇಲ್ಮೈಯನ್ನು ಮುಳ್ಳು ಮಾಡಿ, ಆಮೇಲೂ ಎಲೆಕ್ಟ್ರಾನ್ ಸಾಯದ ಹಾಗೆ ಮುಚ್ಚಿದ್ದಾರೆ ಅನ್ನುವುದೇ ನನ್ನ ಪ್ರಕಾರ ಈ ಸುದ್ದಿಯ ತಿರುಳು.

ಈಗ ಅಂಕಿ. ಆ ಡಯೋಡ್ 1.2ರಿಂದ 1.6 ಮೈಕ್ರಾನ್ ತನಕ ಶೇಕಡಾ 90ಕ್ಕಿಂತ ಜಾಸ್ತಿ ಕ್ವಾಂಟಂ ಎಫಿಶಿಯನ್ಸಿ ಕೊಟ್ಟಿದೆ. ಅದೂ ಕೋಣೆಯ ಬಿಸಿಯಲ್ಲೇ, ಹೊರಗಿಂದ ವೋಲ್ಟೇಜ್ ಹಾಕದೆ. 1.55ರಲ್ಲಿ ರೆಸ್ಪಾನ್ಸಿವಿಟಿ, ಅಂದರೆ ಒಂದು ವ್ಯಾಟ್ ಬೆಳಕಿಗೆ ಸಿಗುವ ಕರೆಂಟ್, 1.15 ಆಂಪಿಯರ್. ಇದು ದೊಡ್ಡದಾ ಚಿಕ್ಕದಾ ಅಂತ ನೀವೇ ನೋಡಬಹುದು. ಮೈಕ್ರಾನ್‌ನಲ್ಲಿ ಅಲೆಯ ಉದ್ದವನ್ನು 1.24ರಿಂದ ಭಾಗಿಸಿದರೆ ಒಂದು ಫೋಟಾನ್‌ಗೆ ಒಂದು ಎಲೆಕ್ಟ್ರಾನ್ ಅನ್ನುವ ಗರಿಷ್ಠ ಸಿಗುತ್ತದೆ. 1.55ಕ್ಕೆ ಅದು 1.25. ಅಂದರೆ ಇನ್ನು ಗಳಿಸಲು ಉಳಿದಿರುವುದು ಶೇಕಡಾ 8 ಮಾತ್ರ. ಶೇಕಡಾ 35 ಅನ್ನುವುದು ಇದೇ 1.55ರಲ್ಲಿ ಬೇರೆ ಜರ್ಮೇನಿಯಂ ಡಿಟೆಕ್ಟರ್‌ಗಳಿಗೆ ಹೋಲಿಸಿ ಹೇಳಿದ ಮಾತು. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ಗಿಂತ ಅಷ್ಟು ಜಾಸ್ತಿ ಅಂತ ತಿಳಿಯಬೇಡಿ.

ಇನ್ನೊಂದು ಮಾತು ಸುದ್ದಿಯಲ್ಲಿ ಬರುವುದು ಕಮ್ಮಿ. ಜರ್ಮೇನಿಯಂನ ಬ್ಯಾಂಡ್‌ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಓಡಾಡಲು ಬೇಕಾದ ಕನಿಷ್ಠ ಶಕ್ತಿ, 0.66 ಎಲೆಕ್ಟ್ರಾನ್ ವೋಲ್ಟ್, ಚಿಕ್ಕದು. ಕೋಣೆಯ ಬಿಸಿಗೇ ಅಲ್ಲಿ ಎಲೆಕ್ಟ್ರಾನ್‌ಗಳು ಎದ್ದು ಓಡಾಡುತ್ತವೆ. ಬೆಳಕಿಲ್ಲದಿದ್ದರೂ ಹರಿಯುವ ಈ ಕತ್ತಲೆ ಕರೆಂಟ್, ಅಂಗಡಿಯಲ್ಲಿ ಸಿಗುವ ಕೆಲವು ಮಿಲಿಮೀಟರ್ ಅಗಲದ ಜರ್ಮೇನಿಯಂ ಡಯೋಡ್‌ಗಳಲ್ಲಿ ಮೈಕ್ರೊಆಂಪಿಯರ್ ಮಟ್ಟದಲ್ಲಿರುತ್ತದೆ, ಅದೇ ಗಾತ್ರದ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ನ್ಯಾನೊಆಂಪಿಯರ್ ಮಟ್ಟದಲ್ಲಿ. ಮುಳ್ಳು ಎಷ್ಟೇ ಚೂಪಾಗಿದ್ದರೂ ಇದನ್ನು ಬದಲಿಸುವುದಿಲ್ಲ. ಬೆಳಕು ಸಾಕಷ್ಟಿರುವ ಕಡೆ ಜರ್ಮೇನಿಯಂ ಗೆಲ್ಲಬಹುದು. ತೀರಾ ಮಂದ ಬೆಳಕಿಗೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಜಾಗ ಸದ್ಯಕ್ಕೆ ಭದ್ರ.

ಪ್ರ: ಶಿವಮೊಗ್ಗದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪ್ರತಿಫಲನ ತಪ್ಪಿಸಲು ಕಾಲು ತರಂಗದ ತೆಳು ಲೇಪನ ಇದೆಯಲ್ಲ, ನಾವೇ ಮಕ್ಕಳಿಗೆ ಕಲಿಸುತ್ತೇವೆ. ಅಷ್ಟು ಸುಲಭದ್ದು ಬಿಟ್ಟು ಮುಳ್ಳಿನ ಸಹವಾಸ ಯಾಕೆ?

ಉ: ಮೇಡಂ, ಒಂದೇ ಬಣ್ಣದ ಲೇಸರ್ ಮಾತ್ರ, ಅದೂ ನೇರವಾಗಿ ಬೀಳುವುದಾದರೆ, ಲೇಪನವೇ ಸಾಕು. ಮುಳ್ಳು ದಂಡ. ಆದರೆ ಲೇಪನ ಕೆಲಸ ಮಾಡುವುದು ಎರಡು ಪ್ರತಿಫಲನಗಳು ಒಂದನ್ನೊಂದು ಅಳಿಸುವುದರಿಂದ, ಆ ಹೊಂದಾಣಿಕೆ ಒಂದು ಅಲೆಯುದ್ದಕ್ಕೆ ಮಾತ್ರ ಸರಿಯಾಗಿ ಕೂರುತ್ತದೆ. ಹಳೆಯ ಸೋಲಾರ್ ಪ್ಯಾನೆಲ್‌ಗಳ ನೀಲಿ ಬಣ್ಣವೇ ಇದಕ್ಕೆ ಸಾಕ್ಷಿ. ಅಲ್ಲಿ ಲೇಪನವನ್ನು ಕೆಂಪಿನ ಕಡೆಗೆ ಹೊಂದಿಸಿರುತ್ತಾರೆ, ನೀಲಿ ಪೂರ್ತಿ ಅಳಿಯದೆ ವಾಪಸ್ ಬರುತ್ತದೆ. ಮುಳ್ಳಿಗೆ ಈ ಕಟ್ಟುಪಾಡಿಲ್ಲ. ಅಲೆಯುದ್ದಗಳ ಅಗಲವಾದ ಪಟ್ಟಿಗೂ ಆದೀತು, ಓರೆ ಬೆಳಕಿಗೂ ಆದೀತು. ರಾತ್ರಿ ಹಾರುವ ಪತಂಗಗಳ ಕಣ್ಣಿನ ಮೇಲೆ ಸುಮಾರು 200 ನ್ಯಾನೊಮೀಟರ್ ಗಾತ್ರದ ಉಬ್ಬುಗಳಿವೆ ಅಂತ 1960ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡುಕೊಂಡರು. ಈ ವಿದ್ಯೆಗೆ ಇಂಜಿನಿಯರ್‌ಗಳು ಇವತ್ತಿಗೂ ಪತಂಗದ ಕಣ್ಣು ಅಂತಲೇ ಕರೆಯುತ್ತಾರೆ. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ.

ಪ್ರ: ಇಷ್ಟು ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಕೊರೆಯುತ್ತಾರಾ? (ಗದಗದಿಂದ ಹತ್ತನೇ ತರಗತಿ ವಿದ್ಯಾರ್ಥಿನಿ)

ಉ: ಇಲ್ಲ ಪುಟ್ಟಿ, ಒಂದೊಂದಾಗಿ ಕೊರೆಯಲು ಕೂತರೆ ಒಂದು ಬಿಲ್ಲೆಗೆ ಆಯುಷ್ಯ ಸಾಲದು. ಅವು ತಾವಾಗಿಯೇ ಏಳುತ್ತವೆ. ಗಂಧಕದ ಹೆಕ್ಸಾಫ್ಲೋರೈಡ್ ಮತ್ತು ಆಮ್ಲಜನಕದ ಪ್ಲಾಸ್ಮಾದಲ್ಲಿ ಸಿಲಿಕಾನ್ ಬಿಲ್ಲೆ ಇಡುತ್ತಾರೆ, ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ ತಣ್ಣಗೆ ಮಾಡಿ. ಫ್ಲೋರಿನ್ ಸಿಲಿಕಾನನ್ನು ತಿನ್ನುತ್ತದೆ, ಆಮ್ಲಜನಕ ಅಲ್ಲಲ್ಲಿ ಆಕ್ಸೈಡ್ ಚುಕ್ಕೆ ಕೂರಿಸಿ ತಿನ್ನಲು ಬಿಡುವುದಿಲ್ಲ. ಚುಕ್ಕೆ ಕೂತ ಕಡೆ ಮುಳ್ಳು ಉಳಿಯುತ್ತದೆ, ಸುತ್ತ ಕಣಿವೆ. ಕೆಲವೇ ನಿಮಿಷದಲ್ಲಿ ಕೋಟ್ಯಂತರ ಮುಳ್ಳು. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 1995ರಲ್ಲಿ ಇದರ ಬಗ್ಗೆ ಬರೆದಾಗ ಅವರಿಗೆ ಇದು ಬೇಕಾದ ವಸ್ತು ಆಗಿರಲಿಲ್ಲ. ನೆಟ್ಟಗಿನ ಗೋಡೆ ಕೊರೆಯಲು ಯಂತ್ರವನ್ನು ಹದ ಮಾಡುವಾಗ, ಬಿಲ್ಲೆ ಕಪ್ಪಾದರೆ ಹದ ಹತ್ತಿರ ಬಂತು ಅಂತ ತಿಳಿಯುವ ಗುರುತಾಗಿತ್ತು ಅಷ್ಟೇ. ಇನ್ನೊಂದು ಕಡೆ ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅವರ ಗುಂಪು ಅತಿ ಚುಟುಕು ಲೇಸರ್ ಮಿಡಿತಗಳಿಂದ ಬೇರೆ ಥರದ ಮುಳ್ಳು ಎಬ್ಬಿಸಿತು, 1998ರಲ್ಲಿ ಪ್ರಕಟವಾಯಿತು. ಅವರ ಸಿಲಿಕಾನ್‌ನಲ್ಲಿ ಗಂಧಕ ಸೇರಿಕೊಂಡು, 1.1 ಮೈಕ್ರಾನ್ ಆಚೆಗಿನ ಬೆಳಕನ್ನೂ ಹೀರುವ ಗುಣ ಬಂತು.

ಪ್ರ: ಕಪ್ಪು ಸಿಲಿಕಾನ್ ಡಿಟೆಕ್ಟರ್ ಶೇಕಡಾ 130 ದಕ್ಷತೆ ಕೊಟ್ಟಿದೆ ಅಂತ ಓದಿದೆ. ಇದು ಟೋಪಿ ಹಾಕುವ ಮಾತಲ್ವಾ? (ಧಾರವಾಡ)

ಉ: ಟೋಪಿ ಅಲ್ಲ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ ಅಳೆದು ಒಪ್ಪಿದ್ದು, 2020ರಲ್ಲಿ ಪ್ರಕಟವಾಗಿದ್ದು. ಆದರೆ ಅದು ಅತಿನೇರಳೆಯ ಕಥೆ. 200 ನ್ಯಾನೊಮೀಟರ್ ಫೋಟಾನ್‌ನಲ್ಲಿ 6.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ, ಸಿಲಿಕಾನ್‌ಗೆ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿ ಹುಟ್ಟಿಸಲು ಬೇಕಾಗಿದ್ದು 1.12. ಮಿಕ್ಕ ಶಕ್ತಿಯಲ್ಲಿ ಆಗಾಗ ಎರಡನೇ ಜೋಡಿ ಹುಟ್ಟುತ್ತದೆ. ದಕ್ಷತೆ ಅಂದಿರುವುದು ಎಲೆಕ್ಟ್ರಾನ್ ಎಣಿಕೆ, ಶಕ್ತಿಯ ಎಣಿಕೆ ಅಲ್ಲ. ಇನ್‌ಫ್ರಾರೆಡ್‌ನಲ್ಲಿ ಈ ಆಟ ನಡೆಯದು. 1.55 ಮೈಕ್ರಾನ್ ಫೋಟಾನ್ ಹತ್ತಿರ ಇರುವುದೇ 0.8, ಜರ್ಮೇನಿಯಂನಲ್ಲಿ ಒಂದು ಜೋಡಿಗೆ ಕೊಟ್ಟ ಮೇಲೆ ಚಿಲ್ಲರೆ ಉಳಿಯುತ್ತದೆ ಅಷ್ಟೇ.

ಪ್ರ: ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ. ಆನೆ ಪತ್ತೆ ಮಾಡಲು ರಾತ್ರಿ ಥರ್ಮಲ್ ಡ್ರೋನ್ ಹಾರಿಸುವುದನ್ನು ನೋಡಿದ್ದೇನೆ. ಈ ನ್ಯಾನೊ ಮುಳ್ಳಿನ ಡಿಟೆಕ್ಟರ್ ಬಂದರೆ ಅದು ಅಗ್ಗವಾಗುತ್ತಾ?

ಉ: ಇದರಿಂದ ಆಗಲ್ಲ. ಎರಡೂ ಇನ್‌ಫ್ರಾರೆಡ್ ಅನ್ನುವ ಹೆಸರಷ್ಟೇ ಒಂದು. ಆನೆಯ ಮೈಬಿಸಿಯಿಂದ ಹೊರಡುವ ಇನ್‌ಫ್ರಾರೆಡ್ 9 ಮೈಕ್ರಾನ್ ಆಸುಪಾಸಿನಲ್ಲಿ ಅತಿ ಜಾಸ್ತಿ. ಅಲ್ಲಿ ಸಿಲಿಕಾನ್ ಡಯೋಡೂ ಕುರುಡು, ಜರ್ಮೇನಿಯಂ ಡಯೋಡೂ ಕುರುಡು. ಡ್ರೋನ್‌ನಲ್ಲಿರುವುದು ಸಾಮಾನ್ಯವಾಗಿ ಮೈಕ್ರೊಬೊಲೊಮೀಟರ್. ಪುಟ್ಟ ವನೇಡಿಯಂ ಆಕ್ಸೈಡ್ ತಟ್ಟೆ ಬಿಸಿಯಾದಾಗ ಅದರ ರೋಧ ಬದಲಾಗುತ್ತದೆ, ಅದನ್ನು ಓದುತ್ತಾರೆ. ಅಲ್ಲಿ ಫೋಟಾನ್ ಎಣಿಸುವ ಪ್ರಶ್ನೆಯೇ ಇಲ್ಲ.

ತಮಾಷೆ ಏನಂದ್ರೆ, ಅದೇ ಕ್ಯಾಮೆರಾದಲ್ಲಿ ಜರ್ಮೇನಿಯಂ ಬೇರೆ ವೇಷದಲ್ಲಿದೆ. 1.5 ಮೈಕ್ರಾನ್ ಬೆಳಕನ್ನು ನುಂಗುವ ಈ ವಸ್ತು 8ರಿಂದ 14 ಮೈಕ್ರಾನ್‌ನಲ್ಲಿ ಪಾರದರ್ಶಕ. ಹಾಗಾಗಿ ಥರ್ಮಲ್ ಕ್ಯಾಮೆರಾದ ಲೆನ್ಸ್ ಮಾಡುವುದು ಬಹುಪಾಲು ಅದರಿಂದಲೇ. ನಮ್ಮ ಕಣ್ಣಿಗೆ ಮಾತ್ರ ಉಕ್ಕಿನ ಬಿಲ್ಲೆ ಥರ ಕಾಣುತ್ತದೆ. ಲೇಪನ ಇಲ್ಲದಿದ್ದರೆ ಅದರ ಪ್ರತಿ ಮುಖವೂ ಶೇಕಡಾ 36ರಷ್ಟು ವಾಪಸ್ ಎಸೆಯುತ್ತದೆ. ಲೆನ್ಸ್ ಮೇಲೆ ಪತಂಗದ ಕಣ್ಣಿನ ರಚನೆ ಕೊರೆಯುವ ಪ್ರಯತ್ನಗಳು ನಡೆದಿವೆ, ಅಲ್ಲಿ ಅಲೆ ಉದ್ದವಾದ್ದರಿಂದ ಉಬ್ಬುಗಳೂ ದೊಡ್ಡವು. ಬೆಲೆಯ ಮಾತು ಬಂದರೆ, 2023ರ ಆಗಸ್ಟ್‌ನಿಂದ ಚೀನಾ ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದೆ. ಅಗ್ಗವಾಗುವ ಲಕ್ಷಣ ನನಗೇನೂ ಕಾಣುವುದಿಲ್ಲ.

ಪ್ರ: ಚಂದ್ರಯಾನ-1 ಚಂದ್ರನಲ್ಲಿ ನೀರಿನ ಗುರುತು ಕಂಡಿದ್ದು ಇಂಥ ಡಿಟೆಕ್ಟರ್‌ನಿಂದಲೇನಾ? (ಬೆಂಗಳೂರು)

ಉ: ಇನ್‌ಫ್ರಾರೆಡ್ ಡಿಟೆಕ್ಟರ್‌ನಿಂದಲೇ, ಆದರೆ ಮುಳ್ಳಿನದ್ದಲ್ಲ. ಅದರಲ್ಲಿ ನಾಸಾದ ಮೂನ್ ಮಿನರಾಲಜಿ ಮ್ಯಾಪರ್ ಇತ್ತು. ಅದರ ಡಿಟೆಕ್ಟರ್ ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಸೇರಿದ ಹರಳು, ನೋಡುತ್ತಿದ್ದದ್ದು 0.43ರಿಂದ 3 ಮೈಕ್ರಾನ್ ತನಕ. 3 ಮೈಕ್ರಾನ್ ಹತ್ತಿರ ಪ್ರತಿಫಲಿತ ಬೆಳಕು ತಗ್ಗಿದ್ದನ್ನು ಕಂಡೇ 2009ರಲ್ಲಿ ನೀರು ಮತ್ತು ಹೈಡ್ರಾಕ್ಸಿಲ್ ಸುದ್ದಿ ಬಂದಿದ್ದು. ಆ ತಗ್ಗು 3ರ ಆಚೆಗೂ ಹರಡಿರುವುದರಿಂದ ಚಂದ್ರಯಾನ-2ರಲ್ಲಿ ಇಸ್ರೊದವರು 0.8ರಿಂದ 5 ಮೈಕ್ರಾನ್ ತನಕ ನೋಡುವ ಐಐಆರ್‌ಎಸ್ ಅನ್ನುವ ಉಪಕರಣ ಕಳಿಸಿದರು.

ಈ ಹರಳಿನ ಡಿಟೆಕ್ಟರ್‌ಗಳನ್ನು ತಣ್ಣಗೆ ಇಡಲೇಬೇಕು, ಇಲ್ಲದಿದ್ದರೆ ಕತ್ತಲೆ ಕರೆಂಟ್ ಸಿಗ್ನಲ್ಲನ್ನು ನುಂಗುತ್ತದೆ. ಮೇಲ್ಮೈ ರಚನೆಯಿಂದ ನಿಜವಾದ ಉಪಕಾರ ಆಗುವುದು ಇಲ್ಲೇ ಅನ್ನಿಸುತ್ತದೆ ನನಗೆ. ಕತ್ತಲೆ ಕರೆಂಟ್‌ನ ಒಂದು ಭಾಗ ವಸ್ತುವಿನ ಗಾತ್ರಕ್ಕೆ ತಕ್ಕಂತೆ ಹುಟ್ಟುತ್ತದೆ. ಬೆಳಕನ್ನು ಒಳಗೇ ಕಟ್ಟಿಹಾಕುವ ರಚನೆ ಇದ್ದರೆ ತೆಳ್ಳಗಿನ ಪದರ ಸಾಕು, ವಸ್ತು ಕಮ್ಮಿಯಾದರೆ ಕತ್ತಲೆ ಕರೆಂಟೂ ಕಮ್ಮಿ, ಅಷ್ಟೊಂದು ತಣ್ಣಗೆ ಮಾಡುವ ತಾಪತ್ರಯವೂ ಕಮ್ಮಿ. ಉಪಗ್ರಹದಲ್ಲಿ ಕೂಲರ್‌ನ ತೂಕ, ಅಲುಗಾಟ, ವಿದ್ಯುತ್ ಎಲ್ಲವೂ ತಲೆನೋವೇ ಅಲ್ವಾ.

ಪ್ರ: ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ಇದರಿಂದ ಏನು ಪ್ರಯೋಜನ? ಮೈಬಣ್ಣ ಕಪ್ಪಗಿದ್ದವರಿಗೆ ತಪ್ಪು ತೋರಿಸುತ್ತದೆ ಅನ್ನುತ್ತಾರಲ್ಲ, ಅದು ಸರಿಹೋಗುತ್ತಾ? (ಕಲಬುರಗಿಯಿಂದ ಒಬ್ಬ ಸ್ಟಾಫ್ ನರ್ಸ್)

ಉ: ಆಕ್ಸಿಮೀಟರ್ 660 ನ್ಯಾನೊಮೀಟರ್ ಕೆಂಪು ಮತ್ತು 940ರ ಇನ್‌ಫ್ರಾರೆಡ್ ಎರಡನ್ನೂ ಬೆರಳಲ್ಲಿ ಹಾಯಿಸಿ, ಬಡಿತಕ್ಕೆ ತಕ್ಕಂತೆ ಏರಿಳಿಯುವ ಪಾಲನ್ನು ಹೋಲಿಸುತ್ತದೆ. ಡಿಟೆಕ್ಟರ್ ಚುರುಕಾದರೆ ಎಲ್‌ಇಡಿ ಕರೆಂಟ್ ಇಳಿಸಬಹುದು, ಬ್ಯಾಟರಿ ಬಾಳುತ್ತದೆ, ಕೈ ತಣ್ಣಗಿರುವ ರೋಗಿಯಲ್ಲೂ ಸಿಗ್ನಲ್ ಸಿಗುವುದು ಸುಲಭ. ಆದರೆ ಎರಡನೇ ಪ್ರಶ್ನೆಗೆ ಇದು ಮದ್ದಲ್ಲ. ಗಾಢ ಮೈಬಣ್ಣದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುವ ಸಂಭವ ಹೆಚ್ಚು ಅಂತ ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ 2020ರಲ್ಲಿ ಬರೆದಿದ್ದರು. ಡಿಟೆಕ್ಟರ್‌ನಿಂದ ಸಿಗ್ನಲ್ ಜಾಸ್ತಿ ಬರಬಹುದು, ಆದರೆ ಆ ಸಿಗ್ನಲ್ಲಿಗೆ ಶೇಕಡಾ 92 ಅನ್ನಬೇಕೋ 88 ಅನ್ನಬೇಕೋ ಅಂತ ತೀರ್ಮಾನಿಸುವುದು ಯಂತ್ರದೊಳಗಿನ ಪಟ್ಟಿ. ಆ ಪಟ್ಟಿಯನ್ನು ಎಲ್ಲ ಮೈಬಣ್ಣದವರ ಮೇಲೂ ಅಳೆದು ಮಾಡಬೇಕು. ಅನುಮಾನ ಬಂದಾಗ ಮಷಿನ್ ನಂಬಿ ಕೂರದೆ ಎಬಿಜಿ (ಅಪಧಮನಿಯ ರಕ್ತ ತೆಗೆದು ಮಾಡುವ ಪರೀಕ್ಷೆ) ಮಾಡಿಸಿ ಅನ್ನುವುದು ನಿಮಗೆ ನಾನು ಹೇಳಬೇಕಾದ ಮಾತಲ್ಲ.

ಪ್ರ: ಮುಳ್ಳುಗಳ ಮೇಲೆ ಧೂಳು ಕೂತರೆ ಬಟ್ಟೆಯಲ್ಲಿ ಒರೆಸಬಹುದಾ? (ವಿಜಯಪುರ)

ಉ: ಬೇಡವೇ ಬೇಡ. ಬೆರಳು ತಾಗಿದರೂ ಮುಳ್ಳು ಮುರಿಯುತ್ತದೆ, ಆ ಜಾಗ ಬೆಳ್ಳಗಾಗುತ್ತದೆ. ಅದಕ್ಕೇ ಗಾಜಿನ ಕಿಟಕಿಯ ಹಿಂದೆ ಮುಚ್ಚಿ ಕೊಡುತ್ತಾರೆ. ಒರೆಸುವುದಿದ್ದರೆ ಕಿಟಕಿ ಒರೆಸಿ.

ಪ್ರ: ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ಮೂವರು ಗೆಳೆಯರು ನಾವು. ಪ್ರಾಜೆಕ್ಟಿಗೆ ಕಪ್ಪು ಸಿಲಿಕಾನ್ ಮಾಡಬೇಕು ಅಂತಿದೆ. ಹೈಡ್ರೋಫ್ಲೋರಿಕ್ ಆಮ್ಲ, ಬೆಳ್ಳಿ ನೈಟ್ರೇಟ್ ಇದ್ದರೆ ಸಾಕು, ಪ್ಲಾಸ್ಮಾ ಯಂತ್ರ ಬೇಡ ಅಂತ ಓದಿದೆವು. ಕಾಲೇಜು ಲ್ಯಾಬಲ್ಲೇ ಮಾಡಬಹುದಾ?

ಉ: ರಾಸಾಯನಿಕ ದಾರಿ ಇದೆ, ನಿಜ. ಆದರೆ ನಿಮ್ಮ ಲ್ಯಾಬಲ್ಲಿ ಆ ಆಮ್ಲಕ್ಕೆಂದೇ ಪ್ರತ್ಯೇಕ ಫ್ಯೂಮ್ ಹುಡ್, ಸರಿಯಾದ ಗ್ಲೌಸ್, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ತರಬೇತಿ ಪಡೆದವರು ಇಲ್ಲದಿದ್ದರೆ ಖಂಡಿತ ಕೈ ಹಾಕಬೇಡಿ. ಹೈಡ್ರೋಫ್ಲೋರಿಕ್ ಆಮ್ಲ ತೆಳುವಾಗಿದ್ದರೆ ಚರ್ಮಕ್ಕೆ ಬಿದ್ದ ತಕ್ಷಣ ಉರಿಯುವುದೂ ಇಲ್ಲ. ಒಳಗಿಳಿದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ನೋವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಹೃದಯಕ್ಕೂ ತೊಂದರೆ. ಸುಮ್ನೆ ಹೆದರಿಸುತ್ತಿಲ್ಲ.

ಬೇರೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಒಳ್ಳೆಯ ಕ್ಲೀನ್‌ರೂಂ ಇದೆ. ಹೊರಗಿನ ಕಾಲೇಜಿನವರಿಗೂ ತರಬೇತಿ, ಯಂತ್ರ ಎರಡೂ ಸಿಗಲಿ ಅಂತ ಕೇಂದ್ರ ಸರ್ಕಾರ ಐಎನ್‌ಯುಪಿ ಅನ್ನುವ ಕಾರ್ಯಕ್ರಮ ನಡೆಸುತ್ತದೆ. ನಿಮ್ಮ ಗೈಡ್ ಮೂಲಕ ಅರ್ಜಿ ಹಾಕಿ. ಅಲ್ಲಿ ಪ್ಲಾಸ್ಮಾವೂ ಇದೆ, ಎಎಲ್‌ಡಿಯೂ ಇದೆ.

ಅಲ್ಲಿಯ ತನಕ ಕೂತಲ್ಲೇ ಒಂದು ಅಳತೆ ಮಾಡಿ. ಬಿಪಿಡಬ್ಲ್ಯೂ34 ಅನ್ನುವ ಸಿಲಿಕಾನ್ ಫೋಟೊಡಯೋಡ್ ಎಲ್ಲ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಮೈಕ್ರೊಆಂಪಿಯರ್ ಓದುವ ಮೀಟರ್‌ಗೆ ನೇರ ಜೋಡಿಸಿ, 850 ಮತ್ತು 940 ಎಲ್‌ಇಡಿಯಿಂದ ಬೆಳಕು ಹಾಕಿ. ಎರಡು ಎಲ್‌ಇಡಿಗಳ ಬೆಳಕಿನ ಶಕ್ತಿ ಒಂದೇ ಇರುವುದಿಲ್ಲ, ಮಾಹಿತಿ ಪತ್ರ ನೋಡಿ ಭಾಗಿಸಿ. ಈ ಡಯೋಡ್ ಸಿಸಿಟಿವಿ ಸೆನ್ಸರ್‌ಗಿಂತ ತುಂಬಾ ದಪ್ಪ, ಹಾಗಾಗಿ ಹುಬ್ಬಳ್ಳಿಯವರು ಹೇಳಿದಷ್ಟು ವ್ಯತ್ಯಾಸ ಇಲ್ಲಿ ಕಾಣದು, ಯಾಕೆ ಕಾಣದು ಅನ್ನುವುದೇ ನಿಮ್ಮ ಪ್ರಾಜೆಕ್ಟಿನ ಮೊದಲ ಅಧ್ಯಾಯ ಆಗಬಹುದು. ಹಳೆಯ ರೇಡಿಯೊ ರಿಪೇರಿಯವರು ಯಾರಾದರೂ ಗೊತ್ತಿದ್ದರೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದೆಯಾ ಕೇಳಿ. 1960ರ ದಶಕದಲ್ಲಿ ನಮ್ಮ ಬಿಇಎಲ್ ಕೂಡ ಅವನ್ನು ಮಾಡುತ್ತಿತ್ತು. ಗಾಜಿನ ಕವಚಕ್ಕೆ ಕಪ್ಪು ಬಣ್ಣ ಬಳಿದ ಓಸಿ71 ಸಿಕ್ಕಿದರೆ ಬಣ್ಣ ಕೆರೆದು ನೋಡಿ, ಬೆಳಕಿಗೆ ಓಗೊಡುತ್ತದೆ. ಕೆಲವದರಲ್ಲಿ ಒಳಗಿನ ಗ್ರೀಸೇ ಅಪಾರದರ್ಶಕ, ಅದು ನಿಮ್ಮ ಅದೃಷ್ಟ.

ಕ್ಲೀನ್‌ರೂಂಗೆ ಹೋದ ಮೇಲೆ ಒಂದು ಬಿಲ್ಲೆಯನ್ನು ಎರಡು ಹೋಳು ಮಾಡಿ. ಎರಡಕ್ಕೂ ಮುಳ್ಳು ಎಬ್ಬಿಸಿ, ಒಂದಕ್ಕೆ ಮಾತ್ರ ಅಲ್ಯೂಮಿನಾ ಹಾಕಿ. ನೋಡಲು ಎರಡೂ ಅಷ್ಟೇ ಕಪ್ಪಾಗಿರುತ್ತವೆ. ಆಮೇಲೆ ಎರಡರಲ್ಲೂ ಕ್ಯಾರಿಯರ್ ಲೈಫ್‌ಟೈಮ್, ಅಂದರೆ ಹುಟ್ಟಿದ ಎಲೆಕ್ಟ್ರಾನ್ ಸಾಯುವ ಮೊದಲು ಬದುಕುವ ಹೊತ್ತು, ಅಳೆಯಿರಿ, ಆ ಎರಡು ಅಂಕಿಗಳನ್ನು ನನಗೆ ಬರೆದು ಕಳಿಸಿ, ಇಲ್ಲೇ ಹಾಕೋಣ.